ನಾನು ತಿನ್ನದ ನಲವತ್ತೊಂದು ಕಪ್‌ಕೇಕುಗಳು

ವ್ರತದ ದಿನಗಳಲ್ಲಿ ತಿಂದವನು ಪಾಪಿಯಾಗುವುದು ಲೋಕರೂಢಿ. ತಿನ್ನದೆಯೇ ಪಾಪಿಯಾದವನು ಕೇರಳದ ಇಡೀ ಪಾಲಾ ಪಟ್ಟಣದಲ್ಲಿ ನಾನೊಬ್ಬನೇ. ಅದೂ ಒಂದಲ್ಲ ಎರಡಲ್ಲ, ನಲವತ್ತೊಂದು ಕಪ್‌ಕೇಕುಗಳನ್ನು ತಿನ್ನದೆ! (ಲೆಕ್ಕದಲ್ಲಿ ತಪ್ಪಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ನಿದ್ದೆಯಲ್ಲೂ ತಲೆ ಎಣಿಸುತ್ತೇನೆ.)

ನನ್ನ ಹೆಂಡತಿ ತ್ರೇಸ್ಯಾಮ್ಮ ಕ್ರಿಸ್‌ಮಸ್ ಮುಗಿದ ಮೇಲೆ ಚರ್ಚಿನ ಹಾಲಿನಲ್ಲಿ ನಡೆದ ಮೂರು ವಾರದ ತರಬೇತಿಗೆ ಹೋದಳು. ಹೋಗುವಾಗ ಗೃಹಿಣಿ, ಬರುವಾಗ ಉದ್ಯಮಿ. ಮರುದಿನವೇ ನಮ್ಮ ಊಟದ ಮೇಜಿನ ರಾಷ್ಟ್ರೀಕರಣವಾಯಿತು. ಅದರ ಮೇಲೆ ಓವನ್ನು, ತಕ್ಕಡಿ, ಬಣ್ಣಬಣ್ಣದ ಕಾಗದದ ಬಟ್ಟಲುಗಳು. ನಾನು ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಮರಗೆಣಸು ತಿನ್ನುವ ಸ್ಥಿತಿಗೆ ಬಂದೆ.

ಆದರೆ ಉದ್ಯಮಕ್ಕೆ ಒಂದು ಕೊರತೆಯಿತ್ತು. ತ್ರೇಸ್ಯಾಮ್ಮನಿಗೆ ಸಕ್ಕರೆ ಕಾಯಿಲೆ. ಮಾಡಿದ್ದನ್ನು ತಾನೇ ಬಾಯಿಗಿಡುವ ಹಾಗಿಲ್ಲ. ನನ್ನ ತಾಯಿ ಏಲ್ಯಮ್ಮಚ್ಚಿಗೆ ಎಂಬತ್ತಾರು ವರ್ಷ. ಮೊದಲ ಕಪ್‌ಕೇಕನ್ನು ಬೆರಳಲ್ಲಿ ಒತ್ತಿ ನೋಡಿ, "ಬಟ್ಟಲಲ್ಲಿ ಬೇಯಿಸಿದ್ದು ಕೇಕ್ ಅಲ್ಲ ಮೋಳೇ, ಇಡ್ಲಿ" ಎಂದು ತೀರ್ಪು ಕೊಟ್ಟವರು. ಹೀಗಾಗಿ ಮನೆಯಲ್ಲಿ ಉಳಿದಿದ್ದು ನನ್ನ ನಾಲಿಗೆ ಒಂದೇ. ನನ್ನನ್ನು ಜಿಹ್ವಾಧಿಕಾರಿಯನ್ನಾಗಿ ನೇಮಿಸಲಾಯಿತು. ಜನವರಿಯಲ್ಲಿ ನಾನು ತಿಂದೆ, ಹೊಗಳಿದೆ, ದಪ್ಪಗಾದೆ. ನಿವೃತ್ತ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೆಲ್ಲಿ ಸಿಗಬೇಕು?

ಅಷ್ಟರಲ್ಲಿ ಈಸ್ಟರಿಗೆ ಮುಂಚಿನ ಐವತ್ತು ದಿನದ ನೋಂಬು ಬಂತು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಹನ್ನೆರಡನೆಯ ವಯಸ್ಸಿನಿಂದ ನಾನು ಒಂದು ವರ್ಷವೂ ತಪ್ಪಿಸದೆ ಈ ವ್ರತ ಹಿಡಿದವನು. ಇದರ ಹಿಂದೆ ಭಕ್ತಿ ಎಷ್ಟೋ, ಸ್ವಾರ್ಥವೂ ಅಷ್ಟೇ. ನೋಂಬಿನ ಕೊನೆಯ ವಾರ, ಯೇಸುವಿನ ಕಡೆಯ ಊಟದ ನೆನಪಿನ ಪೆಸಹಾ ಗುರುವಾರದ ಸಂಜೆ, ಪ್ರತಿ ಮನೆಯಲ್ಲೂ ಹುದುಗು ಹಾಕದ ಅಕ್ಕಿಹಿಟ್ಟಿನ ಅಪ್ಪ ಬೇಯಿಸುತ್ತಾರೆ. ಅದನ್ನು ಮನೆಯ ಯಜಮಾನನೇ ಪ್ರಾರ್ಥನೆ ಹೇಳಿ ಕತ್ತರಿಸಿ ಹಂಚಬೇಕು. ನನ್ನ ತಂದೆ ಅಪ್ಪಚ್ಚನ್ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷದಿಂದ ಆ ಕತ್ತಿ ನನ್ನ ಕೈಯಲ್ಲಿದೆ. ನಮ್ಮ ಮನೆಯಲ್ಲಿ ಟಿ.ವಿ. ಅಮ್ಮಚ್ಚಿಯದು, ಬೀರುವಿನ ಕೀಲಿ ತ್ರೇಸ್ಯಾಮ್ಮನದು, ಈಗ ಮೇಜೂ ಅವಳದೇ. ನಾನು ಯಜಮಾನನಾಗುವುದು ವರ್ಷಕ್ಕೊಂದು ಸಂಜೆ, ಹತ್ತು ನಿಮಿಷ. ನೋಂಬು ಮುರಿದವನು ಆ ಕತ್ತಿ ಮುಟ್ಟಬಾರದು ಎಂಬುದು ಅಮ್ಮಚ್ಚಿಯ ಶಾಸನ.

ನೋಂಬಿನ ಮೊದಲ ದಿನವೇ ತ್ರೇಸ್ಯಾಮ್ಮ ಏಲಕ್ಕಿ ಹಾಕಿದ ಕಪ್‌ಕೇಕು ಹಿಡಿದು ಬಂದಳು.

"ಅಚ್ಚಾಯಾ, ಬಾಯಿ ತೆಗೀರಿ."

"ಏನೇ ಇದು! ಮೊಟ್ಟೆ ಇದೆ, ಬೆಣ್ಣೆ ಇದೆ. ಇವತ್ತಿಂದ ನೋಂಬು ಅಲ್ವಾ?"

"ನೋಂಬು ನಮಗೆ. ಆರ್ಡರ್ ಕೊಟ್ಟವರಿಗಿಲ್ಲ. ಈಸ್ಟರ್ ಆದ ಮಾರನೇ ದಿನ ತೆಕ್ಕೇಮುರಿ ಮನೆ ಮದುವೆ. ನಾನೂರು ಕಪ್‌ಕೇಕ್ ಬೇಕು ಅಂದಿದ್ದಾರೆ. ಅಷ್ಟರಲ್ಲಿ ರುಚಿ ಒಂದು ಹದಕ್ಕೆ ಬರಬೇಡ್ವಾ?"

"ಬೇರೆ ಯಾರಿಗಾದ್ರೂ ಕೊಡು."

"ಯಾರಿಗೆ ಕೊಡ್ಲಿ? ಬೀದಿ ತುಂಬಾ ನೋಂಬಿನವರೇ. ನಾಲಿಗೆ ಮೇಲಿಟ್ಟು ಉಗುಳಿಬಿಡಿ."

"ನಾಲಿಗೆಯೂ ನೋಂಬಲ್ಲೇ ಇದೆ ಕಣೇ."

ಅವಳು ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. (ಗೆದ್ದ ಉದಾಹರಣೆ ಇಲ್ಲ. ಆದರೂ.) ಅವಳು ಜಗಳವಾಡಲಿಲ್ಲ. ಕಪ್‌ಕೇಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಇರ್ಲಿ ಬಿಡಿ. ನನ್ನ ಕೆಲಸ, ನನ್ನ ಹಣೆಬರಹ" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು. ಆ ಮೂಗಿನ ಮುಂದೆ ನಾನು ಮೂವತ್ತನಾಲ್ಕು ವರ್ಷದಿಂದ ಸೋಲುತ್ತಲೇ ಬಂದಿದ್ದೇನೆ.

"ಸರಿ, ತಿಂತೀನಿ. ಅಮ್ಮಚ್ಚಿಗೆ ಮಾತ್ರ ಹೇಳ್ಬೇಡ. ಹಿತ್ತಿಲಲ್ಲಿ ನಿಂತು ತಿಂದು ಬರ್ತೀನಿ."

ಹಿತ್ತಿಲಿಗೆ ಹೋದೆ. ಗೋಡೆಯಾಚೆ ನಾರಾಯಣನ್‌ಕುಟ್ಟಿ ಬಾಳೆಗೆ ನೀರು ಬಿಡುತ್ತಿದ್ದ. ಹದಿನೆಂಟು ವರ್ಷ ನನ್ನ ಬಸ್ಸಿನ ಡ್ರೈವರ್ ಆಗಿದ್ದವನು. ನೋಂಬಿಗೂ ಅವನಿಗೂ ಸಂಬಂಧವಿಲ್ಲ, ಅವನದೇನಿದ್ದರೂ ಶಬರಿಮಲೆ. ಕಪ್‌ಕೇಕನ್ನು ಗೋಡೆ ದಾಟಿಸಿದೆ. ಅವನು ಎರಡು ಗುಕ್ಕಿಗೆ ಮುಗಿಸಿ, ಗಂಟಲು ಸರಿ ಮಾಡಿಕೊಂಡು ಎರಡು ಸಲ ಕೆಮ್ಮಿದ. ನಮ್ಮ ಇಲಾಖೆಯಲ್ಲಿ ಒಂದು ಬೆಲ್ ಎಂದರೆ ನಿಲ್ಲಿಸು, ಎರಡು ಬೆಲ್ ಎಂದರೆ ಹೊರಡು. ನಾನು ಒಳಗೆ ಹೋಗಿ ತುಟಿ ಒರೆಸಿಕೊಳ್ಳುತ್ತಾ ಘೋಷಿಸಿದೆ:

"ಅದ್ಭುತ! ಏಲಕ್ಕಿ ಮೊದಲು ಬಂದು ಮಾತಾಡಿಸುತ್ತೆ, ಬೆಣ್ಣೆ ಹಿಂದಿನಿಂದ ಬಂದು ಅಪ್ಪಿಕೊಳ್ಳುತ್ತೆ."

ತ್ರೇಸ್ಯಾಮ್ಮ ನನ್ನನ್ನು ನೋಡಿದ ನೋಟವನ್ನು ಮದುವೆಯ ಹೊಸದರಲ್ಲೂ ಕಂಡಿರಲಿಲ್ಲ. ಆಗಲೇ ನನಗೆ ಭಯವಾಗಬೇಕಿತ್ತು.

ಹೀಗೆ ದಿನಕ್ಕೊಂದು ಕಪ್‌ಕೇಕು ಗೋಡೆ ದಾಟಿತು. ಹೊಟ್ಟೆ ಅವನದು, ಹೊಗಳಿಕೆ ನನ್ನದು. ನಡುವೆ ಒಂದು ವಾರ ನಾರಾಯಣನ್‌ಕುಟ್ಟಿಗೆ ನೆಗಡಿ ಹಿಡಿಯಿತು. ಹಲಸಿನ ಹಣ್ಣಿನ ಕಪ್‌ಕೇಕು ತಿಂದು ಏಳು ಸಲ ಕೆಮ್ಮಿದ. ಏಳು ಬೆಲ್ಲಿಗೆ ಇಲಾಖೆಯಲ್ಲಿ ಅರ್ಥವೇ ಇಲ್ಲ!

"ಬಾಯಿಬಿಟ್ಟು ಹೇಳೋ, ಹೇಗಿದೆ?" ಎಂದೆ.

"ವರ್ಕಿಚ್ಚಾಯಾ, ಮೂಗು ಕಟ್ಟಿದೆ. ಹಲಸೋ ಹತ್ತಿಯೋ ಗೊತ್ತಾಗ್ತಿಲ್ಲ."

ಒಳಗೆ ತ್ರೇಸ್ಯಾಮ್ಮ ನೋಟುಪುಸ್ತಕ ಹಿಡಿದು ಕಾಯುತ್ತಿದ್ದಳು. ಬಾಯಿಗೆ ಬಂದದ್ದನ್ನು ಹೇಳಿದೆ: "ಒಂದು ಚಿಟಿಕೆ ಉಪ್ಪು ಬೇಕೇನೋ." ಮರುದಿನ ಉಪ್ಪು ಬಂತು. "ಈಗ ಶುಂಠಿ ಸ್ವಲ್ಪ." ಶುಂಠಿಯೂ ಬಂತು. ಆ ವಾರ ಆ ಪದಾರ್ಥ ಏನಾಯಿತೆಂದು ಮಾಡಿದವಳಿಗೆ ಗೊತ್ತಿಲ್ಲ, ತಿಂದವನಿಗೆ ಗೊತ್ತಿಲ್ಲ, ಪರೀಕ್ಷಿಸಿದ ನನಗಂತೂ ಮೊದಲೇ ಗೊತ್ತಿಲ್ಲ.

ಗರಿಗಳ ಭಾನುವಾರ ನಾವು ಮೂವರೂ ತೆಂಗಿನಗರಿ ಹಿಡಿದು ಚರ್ಚಿನಲ್ಲಿ ನಿಂತಿದ್ದೆವು. ಪಾದ್ರಿಗಳು ಪ್ರಸಂಗ ಶುರು ಮಾಡಿದರು. ವ್ರತದ ಮಹಿಮೆ ಹೇಳಿದರು. ನಾನು ಎದೆ ಉಬ್ಬಿಸಿದೆ. ಆಮೇಲೆ ದನಿ ತಗ್ಗಿಸಿದರು.

"ಆದರೆ ವ್ರತಕ್ಕಿಂತ ದೊಡ್ಡದು ಪ್ರೀತಿ. ಈ ಇಗರ್ಜಿಯಲ್ಲೇ ಒಬ್ಬ ಗಂಡ ಇದ್ದಾನೆ. ಸಕ್ಕರೆ ಕಾಯಿಲೆಯ ಹೆಂಡತಿಯ ಸಣ್ಣ ಉದ್ಯಮಕ್ಕಾಗಿ, ಐವತ್ತು ವರ್ಷ ಕಾಪಾಡಿಕೊಂಡ ನೋಂಬನ್ನು ಕಪ್‌ಕೇಕ್ ತಿಂದು ಮುರಿದಿದ್ದಾನೆ. ಹೆಸರು ಹೇಳುವುದಿಲ್ಲ."

ಹೆಸರು ಯಾಕೆ ಹೇಳಬೇಕು? ಊರಲ್ಲಿ ಕಪ್‌ಕೇಕು ಬೇಯುವುದು ಒಂದೇ ಮನೆಯಲ್ಲಿ. ಆರುನೂರು ತಲೆಗಳು ನನ್ನ ಕಡೆ ತಿರುಗಿದವು. ಹೆಂಗಸರ ಸಾಲಿನಲ್ಲಿ ತ್ರೇಸ್ಯಾಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ಅಮ್ಮಚ್ಚಿಯ ಕೈಯಲ್ಲಿದ್ದ ಗರಿ ನೆಟ್ಟಗೆ ನಿಂತಿತ್ತು. ನನ್ನ ಬೆನ್ನಿಗೆ ಅದರ ಉಪಯೋಗ ಏನೆಂದು ನನಗೆ ಬಾಲ್ಯದಿಂದ ಗೊತ್ತು.

ಹೊರಗೆ ಬಂದರೆ ಇನ್ನೂ ಗೊಂದಲ. ಹೆಂಗಸರು "ನಿಮ್ಮಂಥವರು ಬೇಕು" ಎಂದು ಕೈ ಮುಗಿದರು. ಗಂಡಸರು ಮುಖ ತಿರುಗಿಸಿದರು. ರಬ್ಬರ್ ವ್ಯಾಪಾರಿ ಔಸೇಪ್ ಮಾತ್ರ ಹತ್ತಿರ ಬಂದು ಹಲ್ಲು ಕಡಿದ.

"ಎಡಾ ವರ್ಕೀ, 'ನನಗೋಸ್ಕರ ನೀವೇನು ಮುರಿದಿದ್ದೀರಿ' ಅಂತ ನನ್ನ ಹೆಂಡತಿ ಕೇಳ್ತಿದ್ದಾಳೆ. ಏನು ಹೇಳ್ಲಿ? ವರ್ಕಿಯ ಕಾಲು ಮುರಿದೆ ಅಂತ ಹೇಳ್ಲಾ?"

ಮನೆಗೆ ಬಂದ ಮೇಲೆ ತ್ರೇಸ್ಯಾಮ್ಮ ತಪ್ಪೊಪ್ಪಿಕೊಂಡಳು. ನನ್ನ ನೋಂಬು ಮುರಿದ ಪಾಪ ತನಗೆ ಬರುತ್ತದೆಯೋ ನನಗೋ ಎಂದು ತಿಳಿಯದೆ ಪಾದ್ರಿಗಳ ಮನೆಗೇ ಹೋಗಿ ಕೇಳಿದ್ದಳಂತೆ. ಅಮ್ಮಚ್ಚಿ ನನ್ನ ಜೊತೆ ಮಾತಾಡಲಿಲ್ಲ. ಗೋಡೆಗೆ ಹೇಳಿದರು.

"ಮೊಟ್ಟೆ ತಿಂದ ಕೈ ಈ ಮನೆಯ ಪೆಸಹಾ ಅಪ್ಪ ಮುಟ್ಟಬಾರ್ದು."

ಈಗ ನನ್ನ ಪಾಡು ನೋಡಿ. ತಿಂದಿಲ್ಲ ಎಂದರೆ ಅಮ್ಮಚ್ಚಿಯಿಂದ ಕತ್ತಿ ಸಿಗುತ್ತದೆ, ಆದರೆ "ಉಪ್ಪು ಹಾಕು ಅಂದಿದ್ದು ಯಾರು?" ಎಂದು ತ್ರೇಸ್ಯಾಮ್ಮ ಕೇಳುತ್ತಾಳೆ. ತಿಂದೆ ಎಂದರೆ ಹೆಂಡತಿಗೆ ನಾನು ಸಂತ, ತಾಯಿಗೆ ಪತಿತ. ನಾಲ್ಕು ದಿನ ಮನೆಯಲ್ಲಿ ಒಂದು ಕಡೆ ಹೂವು, ಒಂದು ಕಡೆ ಬೆಂಕಿ. ತ್ರೇಸ್ಯಾಮ್ಮ ನನ್ನ ಅಂಗಿಗೆ ಇಸ್ತ್ರಿ ಮಾಡಿದಳು. ಊಟದ ಮೇಜಿನ ಒಂದು ಮೂಲೆಯನ್ನೂ ಬಿಟ್ಟುಕೊಟ್ಟಳು. ಆ ಮೂಲೆಯಲ್ಲಿ ಕೂತು ಗಂಜಿ ಕುಡಿಯುವಾಗ ನನಗೆ ಅಳುವೇ ಬಂತು.

ಪೆಸಹಾ ಗುರುವಾರದ ಸಂಜೆ ಬಂತು. ಅಪ್ಪ ಬೆಂದಿತ್ತು, ಅದರ ಮೇಲೆ ಗರಿಯ ಪುಟ್ಟ ಶಿಲುಬೆ. ಪಕ್ಕದಲ್ಲಿ ಬೆಲ್ಲ ಹಾಕಿ ಕುಡಿಯುವ ತೆಂಗಿನಹಾಲಿನ ಪಾತ್ರೆ. ದೀಪದ ಮುಂದೆ ಮೂವರೂ ನಿಂತೆವು. ಪ್ರಾರ್ಥನೆ ಮುಗಿಯಿತು. ಅಮ್ಮಚ್ಚಿ ಸೊಂಟದ ಮಡಿಕೆಯಿಂದ ಕತ್ತಿ ತೆಗೆದರು. ಬಾಯಿ ತೆರೆದರು.

"ಎಡಾ ವರ್ಕೀ..."

ತಾಳ್ಮೆ ಕೆಟ್ಟಿತು. ಇಪ್ಪತ್ತೆರಡು ವರ್ಷದ ನನ್ನ ಹತ್ತು ನಿಮಿಷ ಕಣ್ಣೆದುರೇ ಹೋಗುತ್ತಿತ್ತು.

"ಅಮ್ಮಚ್ಚೀ, ನಾನು ತಿಂದಿಲ್ಲ! ಒಂದು ಚೂರೂ ತಿಂದಿಲ್ಲ! ನಲವತ್ತೊಂದೂ ತಿಂದಿದ್ದು ನಾರಾಯಣನ್‌ಕುಟ್ಟಿ! ನನ್ನ ನೋಂಬು ನೋಂಬಾಗೇ ಇದೆ!"

ಅಮ್ಮಚ್ಚಿ ಕತ್ತಿಯನ್ನೂ ನನ್ನನ್ನೂ ನೋಡಿದರು.

"ಅಯ್ಯೋ ಮೂರ್ಖಾ, ಪಾದ್ರಿ ಅಚ್ಚನ್ ಬೆಳಿಗ್ಗೆ ನೀನಿಲ್ಲದಾಗ ಮನೆಗೆ ಬಂದಿದ್ರು. ಹೆಂಡತಿಗೋಸ್ಕರ ನೋಂಬು ಮುರಿದವನ ಕೈ ಹೊಲಸಲ್ಲ ಅಂತ ಒಂದು ಗಂಟೆ ಬಿಡಿಸಿ ಹೇಳಿದ್ರು. ನಾನೂ ಒಪ್ಪಿಕೊಂಡೆ. 'ಎಡಾ ವರ್ಕೀ, ತಗೋ' ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ನೀನು ತೆಗೆದೆ!"

ನಾನು ತ್ರೇಸ್ಯಾಮ್ಮನ ಕಡೆ ತಿರುಗಲಿಲ್ಲ. ತಿರುಗುವ ಧೈರ್ಯವಿರಲಿಲ್ಲ. ಅವಳೇ ಮಾತಾಡಿದಳು, ತುಂಬಾ ಮೆಲ್ಲಗೆ.

"ಏಲಕ್ಕಿ ಮಾತಾಡಿಸ್ತು, ಬೆಣ್ಣೆ ಅಪ್ಪಿಕೊಳ್ತು ಅಂದಿದ್ದು?"

"ಅದು... ಅವನು ಕೆಮ್ಮಿದ್ದನ್ನ ನಾನು ಬಿಡಿಸಿ ಹೇಳಿದ್ದು."

"ಉಪ್ಪು?"

"ಅದು ನಾನೇ."

"ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ನನಗೋಸ್ಕರ ಏನೋ ಬಿಟ್ಟುಕೊಟ್ರಿ ಅಂದ್ಕೊಂಡಿದ್ದೆ ಅಚ್ಚಾಯಾ. ಅದೂ ಪಕ್ಕದ ಮನೆಯವರು ಕೊಟ್ಟಿದ್ದಾ?"

ನನಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ. ಹೊಟ್ಟೆಯನ್ನು ಶುದ್ಧವಾಗಿಟ್ಟುಕೊಳ್ಳಲು ನಲವತ್ತೊಂದು ದಿನ ಬಾಯಿ ತುಂಬಾ ಸುಳ್ಳು ಹೇಳಿದ್ದೆ. ಅಮ್ಮಚ್ಚಿ ಕತ್ತಿಯ ಹಿಡಿಯನ್ನು ನನ್ನ ಮುಂದಿನಿಂದ ತ್ರೇಸ್ಯಾಮ್ಮನ ಕಡೆ ತಿರುಗಿಸಿದರು.

"ತಗೋ ಮೋಳೇ, ನೀನೇ ಕತ್ತರಿಸು. ಈ ಮನೆಯಲ್ಲಿ ದುಡಿಯೋಳು ನೀನು, ಸತ್ಯ ಹೇಳೋಳೂ ನೀನೇ."

"ಅಮ್ಮಚ್ಚೀ, ಹೆಂಗಸರು..."

"ಹೆಂಗಸರು ಬೇಯಿಸಬಹುದು, ಕತ್ತರಿಸಬಾರ್ದಾ? ಸುಮ್ನಿರು ನೀನು."

ತ್ರೇಸ್ಯಾಮ್ಮ ಕತ್ತರಿಸಿದಳು. ಕಪ್‌ಕೇಕಿನ ಪೆಟ್ಟಿಗೆ ತುಂಬಿಸಿ ತುಂಬಿಸಿ ಕೈ ಎಷ್ಟು ಪಳಗಿದೆಯೆಂದರೆ ತುಂಡುಗಳೆಲ್ಲ ಅಳೆದ ಹಾಗಿದ್ದವು. ಕತ್ತರಿಸುತ್ತಲೇ ಹೊಸ ಆಡಳಿತದ ಮೊದಲ ಆಜ್ಞೆ ಹೊರಡಿಸಿದಳು.

"ನಾಳೆಯಿಂದ ಕಪ್‌ಕೇಕ್ ನೇರವಾಗಿ ನಾರಾಯಣನ್‌ಕುಟ್ಟಿ ಮನೆಗೆ ಹೋಗುತ್ತೆ. ಮಧ್ಯೆ ಕಂಡಕ್ಟರ್ ಬೇಡ."

ಮೊದಲ ತುಂಡು, ಮೊದಲ ಬಟ್ಟಲು ಹಾಲು ಅಮ್ಮಚ್ಚಿಗೆ. ಎರಡನೆಯದು ನನಗೆ. ಸಕ್ಕರೆ ಕಾಯಿಲೆಯವಳು, ತಾನು ಹಾಲು ಮುಟ್ಟದೆ ಬರೀ ಅಪ್ಪ ಬಾಯಿಗೆ ಹಾಕಿಕೊಂಡಳು. ನಾನು ತಲೆ ತಗ್ಗಿಸಿ ಒಂದು ಗುಟುಕು ಕುಡಿದೆ. ಹಾಲಿನಲ್ಲಿ ಬೆಲ್ಲವೇ ಇಲ್ಲ!

ನಲವತ್ತಾರು ದಿನಗಳಲ್ಲಿ ಮೊದಲ ಬಾರಿ ನನ್ನ ನಾಲಿಗೆ ಸ್ವಂತವಾಗಿ ಕಂಡುಹಿಡಿದ ಸತ್ಯ. ಹೇಳದೆ ಇರಲಾಗಲಿಲ್ಲ.

"ತ್ರೇಸ್ಯಾ, ಹಾಲಿಗೆ ಬೆಲ್ಲ ಹಾಕಿಲ್ಲ ನೀನು."

ಅವಳು ಅಮ್ಮಚ್ಚಿಯನ್ನು ನೋಡಿದಳು. ಅಮ್ಮಚ್ಚಿ ತಮ್ಮ ಬಟ್ಟಲನ್ನು ಸದ್ದು ಮಾಡುತ್ತಾ ಕುಡಿದು ತುಟಿ ಚಪ್ಪರಿಸಿದರು.

"ನನಗೇನೋ ಜೇನಿನ ಹಾಗಿದೆ. ನಿನಗಿನ್ನೂ ಬುದ್ಧಿ ಬಂದಿಲ್ವಾ? ಈಗಲೂ ಬಾಯಿಗೆ ಬಂದ ಹಾಗೆ ಹೇಳ್ತೀಯಲ್ಲೋ."

"ಆಣೆ ಅಮ್ಮಚ್ಚೀ! ಈ ಸಲ ನಾನೇ ಕುಡಿದು ಹೇಳ್ತಿದ್ದೀನಿ!"

ಇಬ್ಬರೂ ನನ್ನನ್ನು ನೋಡಿದರು. ಮತ್ತೊಂದು ಗುಟುಕು ಕುಡಿದೆ. ಗೊಂದಲವಾಯಿತು. ಅಷ್ಟು ದಿನ ಕೆಲಸವಿಲ್ಲದೆ ಕೂತ ನಾಲಿಗೆ ಕೆಟ್ಟುಹೋಗಿದೆಯೇ? ಎಂಬತ್ತಾರು ವರ್ಷದ ಮುದುಕಿ ಪೆಸಹಾ ದಿನ ದೀಪದ ಮುಂದೆ ಸುಳ್ಳು ಹೇಳುತ್ತಾಳೆಯೇ? ಮೂರನೆಯ ಗುಟುಕಿಗೆ ಎಲ್ಲೋ ತಳದಲ್ಲಿ ಸ್ವಲ್ಪ ಸಿಹಿ ಇದ್ದ ಹಾಗೆ ಅನ್ನಿಸಿತು. ಇನ್ನು ಜಗಳ ಬೇಡ ಎಂದುಕೊಂಡು ಬಟ್ಟಲು ಎತ್ತಿ ಪೂರ್ತಿ ಕುಡಿದೆ.

"ಹೌದು, ಹೌದು. ಈಗ ಗೊತ್ತಾಯ್ತು. ಒಳ್ಳೇ ಬೆಲ್ಲ. ಒಳ್ಳೇ ಹದ. ಸಿಹಿ ಹಿಂದಿನಿಂದ ಬಂದು ಅಪ್ಪಿಕೊಳ್ಳುತ್ತೆ."

ತ್ರೇಸ್ಯಾಮ್ಮ ಅಡುಗೆಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಕರಗಿಸಿ ಸೋಸಿಟ್ಟ ಬೆಲ್ಲದ ಪಾತ್ರೆ ಇತ್ತು, ಕಂಠದವರೆಗೆ ತುಂಬಿಕೊಂಡು, ಒಂದು ತೊಟ್ಟೂ ಕಡಿಮೆಯಾಗದೆ.

"ಅಡುಗೆಮನೆಯಲ್ಲೇ ಮರೆತುಬಿಟ್ಟಿದ್ದೆ," ಎಂದಳು. "ಇನ್ನೂ ಸ್ವಲ್ಪ ಹಾಕ್ಲಾ ಅಚ್ಚಾಯಾ, ಸಾಕಾ?"