ಊಟವಾದ ಮೇಲಿನ ಕಲಿಕೆ

ಊಟವಾದ ಮೇಲೆ ಕೇಳಿದ ಪಾಠ ತಲೆಗಿಂತ ಮೊದಲು ರೆಪ್ಪೆಗೆ ಹತ್ತುತ್ತದೆ. ನಮ್ಮ ಆಸ್ಪತ್ರೆಯ ಕಲಿಕಾ ಕೂಟ ಸೇರುವುದೇ ಗುರುವಾರ ಮಧ್ಯಾಹ್ನ, ಊಟದ ಬೆನ್ನಿಗೆ. ಡಾಕ್ಟರು, ನರ್ಸುಗಳು, ಔಷಧಿ ಕೊಡುವವರು ಎಲ್ಲ ದುಂಡಗೆ ಕುಳಿತು, ಆ ವಾರ ಕೈಕೊಟ್ಟ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು, ಯಾರನ್ನೂ ದೂರದೆ, ಒಬ್ಬರಿಂದೊಬ್ಬರು ಕಲಿಯಬೇಕು. ಫ್ಯಾನು ಜೋಗುಳ ಹಾಡುತ್ತದೆ. ಹಸಿರು ಪರದೆ ಮೆಲ್ಲಗೆ ಉಬ್ಬಿ ಇಳಿಯುತ್ತದೆ. ಅದನ್ನೇ ನೋಡುತ್ತಾ ನಾನು ತೂಕಡಿಸಿ, ಕನಸಿನಲ್ಲಿ ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ತೇಲತೊಡಗುತ್ತೇನೆ. ಕೆಲಸದಲ್ಲಿ ನಾನು ಗಂಡು ನರ್ಸು. ಹೆಸರು ಮಾಡಿರುವುದು ಮಾತ್ರ ಅಣಕಿಸುವುದರಲ್ಲಿ. ಡಾಕ್ಟರಮ್ಮ ಕನ್ನಡಕ ಒರೆಸುತ್ತಾ ಯೋಚಿಸುವುದು, ಹಿರಿಯ ಸಿಸ್ಟರ್ ಆಕಳಿಕೆಯನ್ನು ಕೆಮ್ಮಾಗಿಸುವುದು, ಎಲ್ಲವನ್ನೂ ಮಾಡಿ ತೋರಿಸಬಲ್ಲೆ. ಕೂಟದಲ್ಲಿ ನಾನು ಗೊರಕೆ ಹೊಡೆಯುತ್ತೇನೆಂದು ಸಿಸ್ಟರ್ ಹೇಳಿದ ಮೇಲೆ ಅದನ್ನೂ ಕಲಿತೆ.

ಆ ಗುರುವಾರದ ಸಂಗತಿ ಹಳೇಕೋಟೆಯ ಪುಟ್ಟಮ್ಮನ ಉಬ್ಬಸ. ಇನ್‌ಹೇಲರ್ ಕೊಟ್ಟು ಕಳಿಸಿದರೂ ಪಾಪ, ಏದುಸಿರು ಬಿಡುತ್ತಾ ಮತ್ತೆ ಮತ್ತೆ ಬಂದು ಮಲಗುತ್ತಿದ್ದರು. ಔಷಧಿ ಹೆಚ್ಚಿಸುವುದೋ, ಹಾಸನಕ್ಕೆ ಕಳಿಸುವುದೋ ಎಂದು ಚರ್ಚೆ ನಡೆದಿತ್ತು. ಬಳಸುವುದನ್ನು ಹೇಳಿಕೊಟ್ಟವರು ಯಾರೆಂದು ಡಾಕ್ಟರಮ್ಮ ಕೇಳಿದಾಗ ನಾನು ಹಿನ್ನೀರಿನೊಳಗಿಂದ ಕೈಯೆತ್ತಿದೆ. ಗೊತ್ತಾಯ್ತಾ ಎಂದು ಕೇಳಿದ್ದೆ, ಆಯ್ತು ಸಾ ಅಂದಿದ್ದರು ಎಂದು ಪುಟ್ಟಮ್ಮನ ಎಳೆದೆಳೆದ ದನಿಯಲ್ಲೇ ವರದಿ ಒಪ್ಪಿಸಿದೆ. ಕೂಟ ನಕ್ಕು ಎಚ್ಚರಾಯಿತು. ಡಾಕ್ಟರಮ್ಮ ನಗಲಿಲ್ಲ, ವಾರ್ಡಿನಲ್ಲೇ ಇದ್ದ ಪುಟ್ಟಮ್ಮನನ್ನು ಕರೆಸಿದರು.

ಹೇಗೆ ಎಳೆದುಕೊಳ್ಳುತ್ತೀರಿ, ತೋರಿಸಿ ಎಂದಾಗ ಪುಟ್ಟಮ್ಮ ಮೊದಲು ಬಾಗಿಲ ಕಡೆ ನೋಡಿದರು. ಆಮೇಲೆ ಗಡಿಯಾರವಿಲ್ಲದ ತಮ್ಮ ಮಣಿಕಟ್ಟನ್ನು ನೋಡಿದರು. ಹುಬ್ಬು ಹಾರಿಸಿ, ಇನ್‌ಹೇಲರನ್ನು ಬಾಯಿಯ ಮುಂದೆ ಹಿಡಿದು, ಒತ್ತಿ, ಇಳಿಸಿದರು. ಮುಚ್ಚಳ ಹಾಕಿದಂತೆಯೇ ಇತ್ತು.

“ಮುಚ್ಚಳ ತೆಗೀಬೇಕಲ್ವಾ ಅಜ್ಜಿ?” ಎಂದರು ಸಿಸ್ಟರ್.

“ಈ ಸಾ ತೆಗೀನಿಲ್ವಲ್ಲ. ಅವ್ರು ತೋರ್ಸ್‌ದಂಗೇ ಮಾಡ್ತಾ ಇವ್ನಿ ಕಣವ್ವ.”

ನಿಜ. ಎಂಜಲಾಗಬಾರದೆಂದು ನಾನು ಮುಚ್ಚಳ ಹಾಕಿಕೊಂಡೇ ತೋರಿಸಿದ್ದೆ. ಹುಬ್ಬು ನನ್ನದು, ಮನೆಗೆ ಹೋಗುವ ಅರಕಲಗೂಡು ಬಸ್ಸು ಹೊರಟುಬಿಡುತ್ತದೆಂದು ಬಾಗಿಲು, ಗಡಿಯಾರ ನೋಡುವ ಗಡಿಬಿಡಿಯೂ ನನ್ನದೇ. ಯಾರನ್ನೂ ದೂರಬಾರದೆಂಬ ನಿಯಮವನ್ನು ಕೂಟ ಪಾಲಿಸಿತು. ನಗಬಾರದೆಂಬ ನಿಯಮ ಇರಲಿಲ್ಲ. ಇನ್ನು ಮುಂದೆ ಯಾರೂ ರೋಗಿಗಳನ್ನು ಗೊತ್ತಾಯ್ತಾ ಎಂದು ಕೇಳಕೂಡದು, ಅವರಿಂದಲೇ ಮಾಡಿಸಿ ನೋಡಬೇಕು ಎಂದು ತೀರ್ಮಾನವಾಯಿತು. ನಾನು ಮುಚ್ಚಳ ತೆಗೆದು ಮೊದಲಿನಿಂದ ಕಲಿಸಿದೆ. ಪುಟ್ಟಮ್ಮ ಕಣ್ಣು ಮುಚ್ಚಿ ನಿಧಾನವಾಗಿ ಎಳೆದುಕೊಂಡರು. ಆ ಒಂದು ಉಸಿರು ಒಳಗಿಳಿಯುವವರೆಗೆ ಎಲ್ಲರೂ ನಮ್ಮ ನಮ್ಮ ಉಸಿರು ಹಿಡಿದಿದ್ದೆವು.

ಈಗ ಅವರು ತಪಾಸಣೆಗೆ ನಡೆದೇ ಬರುತ್ತಾರೆ. ಉಸಿರು ಬೇಕಾದಷ್ಟಿದೆ. ಅದನ್ನು ಉಳಿಸಿಕೊಳ್ಳುವ ಯೋಚನೆಯಿಲ್ಲದೆ, ಸಾಲಿನಲ್ಲಿ ಕುಳಿತವರಿಗೆಲ್ಲ ಹುಬ್ಬು ಹಾರಿಸಿ, ಮಣಿಕಟ್ಟು ನೋಡಿ, ನನ್ನನ್ನು ಮಾಡಿ ತೋರಿಸುತ್ತಾರೆ.