ಜೀವದ ಖೋಲಿಗಳು

ನಮ್ಮ ಅಕ್ಕ ಕಳ್ಳಿಯಾಗಿದ್ದಳು. ಇದು ನನ್ನ ಮಾತಲ್ಲ, ಡಾಬಕಾದ ಅರ್ಧ ಊರಿನ ಮಾತು. ಉಳಿದರ್ಧ ಊರು ಹಾಗೆ ಅನ್ನದಿರಲು ಕಾರಣ, ಅವಳು ಕದಿಯುವಂಥದ್ದು ಅವರ ಮನೆಯಲ್ಲಿ ಇರಲಿಲ್ಲ. ಬಂಗಾರವನ್ನಂತೂ ಅಕ್ಕ ಮುಟ್ಟುತ್ತಿರಲಿಲ್ಲ. ಅವಳು ಕದಿಯುತ್ತಿದ್ದುದು ಬೆಳೆಗೆ ಹೊಡೆಯುವ ಔಷಧಿಯ ಖಾಲಿ ಡಬ್ಬಿಗಳನ್ನು.

ಅವಳು ಹೋಗಿ ಏಳು ತಿಂಗಳಾಯಿತು. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತವಳು ಹಾಗೇ ಗೋಡೆಗೆ ಒರಗಿದಳು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಅದಕ್ಕೂ ಡಬ್ಬಿಗಳಿಗೂ ಸಂಬಂಧವಿರಲಿಲ್ಲ. ಡಬ್ಬಿಗಳ ಸಂಬಂಧ ಇದ್ದದ್ದು ಅವಳ ಗಂಡನಿಗೆ, ಅಂದರೆ ನಮ್ಮ ಭಾವನಿಗೆ.

ಕೆಲವು ವರ್ಷಗಳ ಹಿಂದೆ ತೊಗರಿ ಹೂವಾಡುವ ಹೊತ್ತಿನಲ್ಲಿ ಭಾವ ಬರಿಗೈಯಲ್ಲಿ ಔಷಧಿ ಕಲಸಿ ಹೊಡೆದ. ಅದೇ ಕೈಯಲ್ಲಿ ಬೆವರು ಒರೆಸಿಕೊಂಡ, ಅದೇ ಕೈಯಲ್ಲಿ ಎಲೆ ಅಡಿಕೆ ಹಾಕಿಕೊಂಡ. ಮನೆಗೆ ಬಂದಾಗ ಕಣ್ಣು ಮಂಜು, ಬಾಯಲ್ಲಿ ಕೂಸಿನ ಹಾಗೆ ಜೊಲ್ಲು, ತೋಳಿನ ಮಾಂಸ ತಾನಾಗಿಯೇ ಪಟಪಟ ಅನ್ನುತ್ತಿತ್ತು. ಬೀದರಿನ ದವಾಖಾನೆಯಲ್ಲಿ ಹೇಗೋ ಉಳಿದ. ಅಲ್ಲಿನ ಡಾಕ್ಟರಮ್ಮ ಅಕ್ಕನಿಗೆ ಹೇಳಿ ಕಳಿಸಿದ್ದು ಒಂದೇ ಮಾತು: ಇನ್ನೊಮ್ಮೆ ಹೀಗಾದರೆ ಜೀವ ನಮ್ಮ ಕೈಗೆ ಸಿಗುವುದು ಕಷ್ಟ.

ಅಕ್ಕ ಓದಿದ್ದು ಏಳನೆಯ ತರಗತಿ. ಆದರೂ ಡಾಕ್ಟರಮ್ಮನನ್ನು ಬಿಡಲಿಲ್ಲ. ಒಳಗೆ ಏನಾಯಿತು, ಹೇಗಾಯಿತು ಎಂದು ಕೇಳಿ, ಚೀಟಿಯ ಹಿಂದೆ ಚಿತ್ರ ಬರೆಸಿಕೊಂಡು ಬಂದಳು. ಡಾಕ್ಟರಮ್ಮ 'ಜೀವಕೋಶ' ಎಂದಿದ್ದು ಡಾಬಕಾ ಮುಟ್ಟುವಷ್ಟರಲ್ಲಿ 'ಜೀವದ ಖೋಲಿ' ಆಗಿತ್ತು. ನಮ್ಮ ಕಡೆ ಖೋಲಿ ಅಂದರೆ ಮನೆಯ ಕೋಣೆ. ತಪ್ಪು ಅಂತ ನನಗೆ ಗೊತ್ತಿತ್ತು. ತಿದ್ದಲು ಧೈರ್ಯ ಬೇಕಲ್ಲ?

ಸಂಜೆ ಕಟ್ಟೆಯ ಮೇಲೆ ಅಕ್ಕನ ಪಾಠ ಶುರುವಾಗುತ್ತಿತ್ತು.

"ಮೈಯಾಗ ಕೋಟಿಗಟ್ಲೆ ಸಣ್ಣ ಸಣ್ಣ ಖೋಲಿ ಅವ ರಿ."

"ನಮಗ ಇರಲಿಕ್ಕ ಎರಡ ಖೋಲಿ ಇಲ್ಲ, ಮೈಯಾಗ ಕೋಟಿ ಅವಂತ," ಎನ್ನುತ್ತಿದ್ದಳು ಪಕ್ಕದ ಮನೆಯ ಹೆಂಗಸು, ಊರಿಗೆಲ್ಲ ಮೌಶಿ, ಅಂದರೆ ಚಿಕ್ಕಮ್ಮ. "ಒಂದೆರಡು ಬಾಡಗಿ ಕೊಡ್ತೀಯೇನ ಬಾಯಿ?"

"ನಗಬ್ಯಾಡ್ರಿ. ಒಂದ ಖೋಲಿಯಿಂದ ಇನ್ನೊಂದಕ್ಕ ಸುದ್ದಿ ಹೋಗ್ತದ. ಕೈ ಎತ್ತು, ಉಸರ ತಗೊ ಅಂತ. ಸುದ್ದಿ ಮುಟ್ಟಿದ ಮ್ಯಾಲ ಆ ಸುದ್ದಿ ಅಲ್ಲೇ ಬಿದ್ದಿರಬಾರದು. ಅದನ್ನ ಹೊಡೆದು ಹಾಕಲಿಕ್ಕ ಬಾಗಿಲದಾಗ ಒಬ್ಬಾಕಿ ಕಸ ಹೊಡಿಯಾಕಿ ಇರ್ತಾಳ. ಈ ತೊಗರಿಗಿ ಹೊಡಿಯೋ ಇಸಾ ಏನ ಮಾಡ್ತದ, ಹೋಗಿ ಆಕಿ ಕೈ ಕಟ್ಟತದ. ಸುದ್ದಿ ಮ್ಯಾಲ ಸುದ್ದಿ, ಸುದ್ದಿ ಮ್ಯಾಲ ಸುದ್ದಿ. ಜೊಲ್ಲು ಸೋರು ಅಂದದ್ದು ಸೋರ್ತಾನೇ ಇರ್ತದ..."

"ಅಂದ್ರ ನಿಮ್ಮ ಮೌಶಿ ಬಾಯಿ ಹಂಗ, ಬಂದ ಮಾಡಾವರೇ ಇಲ್ಲ," ಎಂದು ಭಾವ ಎದ್ದು ಹೋಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಪಾಠ ಅಲ್ಲಿಗೆ ಮುಗಿಯುತ್ತಿತ್ತು.

'ಔಷಧಿ' ಎಂಬ ಶಬ್ದವನ್ನು ಅಕ್ಕ ಮನೆಯಿಂದ ಗಡಿಪಾರು ಮಾಡಿದ್ದಳು. ಯಾರಾದರೂ "ಔಷಧಿ ತರಲಿಕ್ಕ ಹೊಂಟೀನಿ" ಅಂದರೆ, "ಯಾರಿಗೆ ಆರಾಮಿಲ್ಲ?" ಎಂದು ಕೇಳುವಳು. "ತೊಗರಿಗಿ" ಅಂದರೆ ಮುಗಿಯಿತು. "ಔಷಧಿ ಅಂತೀರಿ, ಅದಕ್ಕೇ ಕೈ ತೊಳಿಯಂಗಿಲ್ಲ ನೀವು. ಇಸಾ ಅನ್ರಿ, ತಾನೇ ತೊಳೀತೀರಿ." ಭಾಲ್ಕಿಯ ನನ್ನ ಮನೆಯಲ್ಲಿ ನಾಲ್ಕು ದಿನ ಇದ್ದು, ನಾನು ಕೆಮ್ಮಿಗೆ ಕುಡಿಯುವ ಔಷಧಿಯನ್ನೂ ಇಸಾ, ಅಂದರೆ ವಿಷ, ಎಂದು ಕರೆದು ಹೋದಳು. ಆಮೇಲೆ ಎಷ್ಟೋ ದಿನ ನನ್ನ ಅತ್ತೆ, "ಇಸಾ ಕುಡದೇನ?" ಎಂದು ನನ್ನನ್ನು ಪ್ರೀತಿಯಿಂದಲೇ ವಿಚಾರಿಸುತ್ತಿದ್ದರು.

ಇನ್ನು ಕಳ್ಳತನ. ಖಾಲಿ ಡಬ್ಬಿಗಳನ್ನು ಊರಿನವರು ಬೂದಿ ಹಚ್ಚಿ ತೊಳೆದು ನೀರಿಗೆ, ಎಣ್ಣೆಗೆ ಇಟ್ಟುಕೊಳ್ಳುತ್ತಿದ್ದರು. ಗಟ್ಟಿ ಡಬ್ಬಿ, ಬಿಗಿ ಮುಚ್ಚಳ, ಯಾರಿಗೆ ಬಿಸಾಡಲು ಮನಸ್ಸು ಬಂದೀತು? ಅಕ್ಕನ ಸೆರಗಿನ ತುದಿಯಲ್ಲಿ ಚೀಲ ಹೊಲಿಯುವ ದಬ್ಬಣ ಇರುತ್ತಿತ್ತು. ಯಾರ ಮನೆಯಲ್ಲಿ ಡಬ್ಬಿ ಕಂಡರೂ ಚುಚ್ಚಿ, ಎತ್ತಿಕೊಂಡು ಬಂದುಬಿಡುವಳು. ಒಮ್ಮೆ ಮೌಶಿಯ ಡಬ್ಬಿ ಖಾಲಿ ಎಂದುಕೊಂಡು ಚುಚ್ಚಿದಳು. ಕುಸುಬೆ ಎಣ್ಣೆ ಅಂಗಳ ತುಂಬ ಹರಿಯಿತು.

"ಮೂರು ಸರ್ತಿ ತೊಳದಿದ್ದೆ ಬೇ," ಎಂದು ಮೌಶಿ ಅತ್ತಳು.

"ನೀ ತೊಳದಿ. ಡಬ್ಬಿ ಮರತಿಲ್ಲ," ಎಂದು ಅಕ್ಕ ತನ್ನ ಮನೆಯ ಸ್ಟೀಲ್ ಡಬ್ಬಿ ತಂದುಕೊಟ್ಟಳು. ಮರುದಿನ ಮೌಶಿ ಇನ್ನೂ ಮೂರು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು: "ಇವೂ ಅವ, ಚುಚ್ಚು." ಅಕ್ಕನ ಅಡುಗೆಮನೆಯಲ್ಲಿ ಸ್ಟೀಲು ಎಂಬುದು ಉಳಿಯಲಿಲ್ಲ. ಚುಚ್ಚಿದವನ್ನೆಲ್ಲ ಹಿತ್ತಲ ಕೋಣೆಯಲ್ಲಿ ಬೀಗ ಹಾಕಿ ಇಡುತ್ತಿದ್ದಳು. ಔರಾದಿನಿಂದ ಬರುವ ಭಂಗಾರದ, ಅಂದರೆ ಗುಜರಿ ಸಾಮಾನಿನ, ಚಾಚಾ ಇಣುಕಿ ನೋಡಿ, "ಕ್ಯಾ ಬಾಯಿ, ಡಬ್ಬಾ ಹೈ ಕಿ ಚಲನಿ?" ಎಂದು ಕೇಳಿದ್ದ. ಡಬ್ಬಿಯೋ ಜರಡಿಯೋ ಅಂತ. ಅಂದಿನಿಂದ ಡಾಬಕಾದಲ್ಲಿ ಅವಳ ಹೆಸರು ಡಬ್ಬಿಬಾಯಿ.

ಭಾತಂಬ್ರಾದಲ್ಲಿ ನಮ್ಮ ಅತ್ತೆಯ ಕಡೆಯ ಮದುವೆಯಲ್ಲಿ ನೀರಿನ ನೀಲಿ ಡ್ರಮ್ಮಿನ ಮುಂದೆ ಕೈ ಅಗಲಿಸಿ ನಿಂತುಬಿಟ್ಟಳು. ಇದರೊಳಗೆ ಮೊದಲು ಏನಿತ್ತು ಎಂದು ಯಾರಾದರೂ ಹೇಳುವ ತನಕ ಒಂದು ಲೋಟ ಎತ್ತಗೊಡಲಿಲ್ಲ. ಖಾರದ ಊಟ ಮಾಡಿದ ಮಂದಿ ಕಣ್ಣೀರು ಸುರಿಸುತ್ತ ಕಾದರು. ಕಡೆಗೆ ಅಡುಗೆಯವನು ಬಂದು ಹೇಳಿದ: "ಉಪ್ಪಿನಕಾಯಿ ಇತ್ತು ರಿ." ನಾನು ಆ ಹೊತ್ತು ಬೇರೆ ಯಾರದೋ ತಂಗಿಯ ಹಾಗೆ ನಿಂತಿದ್ದೆ.

ಇಷ್ಟೆಲ್ಲ ಊರನ್ನು ತಿದ್ದಿದವಳಿಗೆ ಭಾವನೊಬ್ಬ ಬಗ್ಗಲಿಲ್ಲ. "ಇಷ್ಟ ವರ್ಷ ಹೊಡದೇನಿ. ಆ ಸರ್ತಿ ಆದದ್ದು ದೃಷ್ಟಿ," ಎನ್ನುತ್ತಿದ್ದ. ನಾನು ಬ್ಲೌಸು ಹೊಲಿಯುವವಳು. ಅಕ್ಕ ಕೈಗವಸು ಹೊಲಿದುಕೊಡು ಅಂದಳೆಂದು ಉಳಿದ ಬಟ್ಟೆಯಲ್ಲಿ, ಮಣಿಕಟ್ಟಿಗೆ ಇಲಾಸ್ಟಿಕ್ ಇಟ್ಟು, ಚೆಂದ ಹೊಲಿದುಕೊಟ್ಟೆ. ನೋಡಿದವಳೇ ಬೈದಳು: "ಬಟ್ಟೆ ಕುಡಿತದ ಬೇ. ಇಸಾ ಕುಡದು ಕೈಗಿ ಹಚ್ಚಿಕೊಂಡೇ ಕೂಡ್ತದ. ಕೊಲ್ಲಲಿಕ್ಕ ಹೊಲದೀಯೇನು?" ಆಮೇಲೆ ತಾನೇ ಔರಾದಿಗೆ ಹೋಗಿ ಮೊಣಕೈ ಮಟ್ಟದ ರಬ್ಬರಿನವು ತಂದಳು. ಭಾವ ಅವನ್ನು ಹೊಲಕ್ಕೆ ಒಯ್ದು ಬೆದರುಬೊಂಬೆಗೆ ತೊಡಿಸಿದ. ಡಾಬಕಾದ ಹೊಲಗಳಲ್ಲಿ ವಿಷದಿಂದ ಪೂರ್ತಿ ರಕ್ಷಣೆ ಇದ್ದದ್ದು ಆ ಬೊಂಬೆಗೊಂದಕ್ಕೇ.

ಅಕ್ಕ ಜಗಳ ಆಡಲಿಲ್ಲ. ಅವನು ಹೊಡೆಯುವ ದಿನ ಹೊಲದ ಬದುವಿನ ಮೇಲೆ ಸಾಬೂನು, ಬಿಂದಿಗೆ ಇಟ್ಟುಕೊಂಡು ಕೂಡುತ್ತಿದ್ದಳು. ಅವನು ಬಂದ ಕೂಡಲೇ ಕೂಸಿಗೆ ತೊಳೆದಂತೆ ಬೆರಳು ಬೆರಳು ತೊಳೆಯುವಳು. ಅವನು ಮುಖ ಆ ಕಡೆ ತಿರುಗಿಸಿ ಕೈ ಕೊಡುತ್ತಿದ್ದ. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದ.

ಹೋದ ವಾರ ಡಾಬಕಾಕ್ಕೆ ಹೋಗಿದ್ದೆ. ತೊಗರಿ ಹೂವಾಗಿದೆ. ನಾಳೆ ಹೊಡೆಯಬೇಕು ಎಂದು ಭಾವ ಪಂಪು ಹೊರಗೆ ತೆಗೆದಿಟ್ಟಿದ್ದ. ನನಗೆ ಚಹಾ ಕೊಟ್ಟು, ತನ್ನ ಕೈ ನೋಡಿಕೊಳ್ಳುತ್ತ ಕೂತ.

"ಆಕಿ ಖೋಲಿದು ಹೇಳ್ತಿದ್ಳಲ್ಲ," ಅಂದ. "ನಾ ಒಮ್ಮಿನೂ ಪೂರಾ ಕೇಳಿಲ್ಲ. ನೀ ಹೇಳು."

ಹೇಳಿದೆ. ಸುದ್ದಿ ಹೋಗುವುದು, ಕಸ ಹೊಡೆಯುವವಳು ಬಾಗಿಲಲ್ಲಿ ಇರುವುದು, ವಿಷ ಬಂದು ಅವಳ ಕೈ ಕಟ್ಟುವುದು. ಎಲ್ಲ ಅಕ್ಕನ ಮಾತಿನಲ್ಲೇ ಬಂತು. ನನಗೆ ಬೇರೆ ಮಾತು ಗೊತ್ತೂ ಇಲ್ಲ. ಅವನು ನಗಲಿಲ್ಲ.

"ಮುಂದ? ಆಕಿ ಕೈ ಮತ್ತ ಬಿಚ್ಚತದೇನು? ತಾನೇ ಬಿಚ್ಚತದೋ, ಹೊಸಾಕಿ ಬರ್ತಾಳೋ?"

ನನಗೆ ಗೊತ್ತಿರಲಿಲ್ಲ. ಆ ಜಾಗಕ್ಕೆ ಬರುವಷ್ಟರಲ್ಲಿ ನಾವೆಲ್ಲ ನಗಲು ಶುರು ಮಾಡಿರುತ್ತಿದ್ದೆವು. ಅಕ್ಕ ಮುಂದೆ ಏನು ಹೇಳಲಿದ್ದಳೋ, ನಾನೂ ಕೇಳಿರಲಿಲ್ಲ. "ಗೊತ್ತಿಲ್ಲ ಭಾವ," ಅಂದೆ.

ಅವನು ಎದ್ದು ಪಂಪನ್ನು ಒಳಗಿಟ್ಟ. ಗೂಟದಿಂದ ಒಗೆದ ಅಂಗಿ ತೆಗೆದು ತೊಟ್ಟುಕೊಂಡ.

"ನಡಿ, ಬೀದರಕ್ಕ ಹೋಗೂನು. ಆ ಡಾಕ್ಟರಮ್ಮಗ ಕೇಳೂನು," ಅಂದ. "ತೊಗರಿ ಎರಡು ದಿನ ನಿಲ್ತದ."