ಹುಳವಿಲ್ಲದ ಜೋಳ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ನಾನು ಕೈಯಲ್ಲಿ ಭೂತಗನ್ನಡಿ ಹಿಡಿದು, ಮೊರದಲ್ಲಿ ಹರಡಿದ ಜೋಳದಲ್ಲಿ ಹುಳ ಎಣಿಸುತ್ತಿದ್ದೆ. ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ, ಶಿವಗಣಾರಾಧನೆಯ ಬೆಳಿಗ್ಗೆ, ಮಗನಾದವನು ಮಾಡುವ ಕೆಲಸ ಇದಲ್ಲ. ಆದರೆ ಅಮ್ಮನ ಆಸೆ ಒಂದೇ ಇತ್ತು: ಅಪ್ಪ ಕೈಯಾರೆ ಬೆಳೆದದ್ದರಲ್ಲಿ ಬಿಚ್ಚದೆ ಇಡಿಯಾಗಿ ಉಳಿದಿರುವುದು ಈ ಒಂದು ಚೀಲ; ಬಂದವರೆಲ್ಲ ಇದರ ರೊಟ್ಟಿ ತಿಂದೇ ಹೋಗಬೇಕು.

ಐನೂರು ಕಾಳು ನೋಡಿದೆ. ಹುಳ: ಸೊನ್ನೆ. (ತೂತು ಬಿದ್ದ ಕಾಳು ಎರಡು. ಅವು ಹಳೆಯ ತೂತುಗಳು.)

"ಒಂದು ಹುಳಾನೂ ಇಲ್ಲ, ನೋಡು!" ಎಂದೆ ಹೆಂಡತಿಗೆ.

"ಹುಳ ಇರ್ಲಿ, ಈ ರೂಮಿಗೆ ಇರುವೆ ಬಂದೇ ಎರಡು ತಿಂಗ್ಳಾತು. ಮೂಗಿದ್ದೋರು ಬರಂಗಿಲ್ಲ," ಎಂದಳು ದಾಕ್ಷಾಯಿಣಿ. "ಏಳ್ರಿ, ಗಿರಣಿಗೆ ಕಳಿಸ್ಬೇಕು."

ಎರಡು ತಿಂಗಳ ಹಿಂದೆ ಅಮ್ಮ ಜೋಳದ ಎರಡೂ ಚೀಲಗಳಿಗೆ ಲಕ್ಕಿ ಸೊಪ್ಪು ತುರುಕಲು ಹೊರಟಿದ್ದರು. ಬಿ.ಎಸ್ಸಿ. ಓದಿ, ತಾಳ್ಯದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವ ನಾನು ಅದನ್ನು ಸಹಿಸುವುದುಂಟೆ? ಹುಳವನ್ನು ಓಡಿಸುವುದು ಸೊಪ್ಪಲ್ಲ, ಅದರೊಳಗಿನ ತೈಲ ಎಂದು ಉಪನ್ಯಾಸ ಕೊಟ್ಟು, ಹೊಳಲ್ಕೆರೆಯಿಂದ ನೀಲಗಿರಿ ಎಣ್ಣೆ, ಲವಂಗದ ಎಣ್ಣೆ ತಂದು, ಸಿರಿಂಜಿನಲ್ಲಿ ಅಳೆದು ಕಾಳಿಗೆ ಬೆರೆಸಿ ಚೀಲ ಹೊಲಿದೆ. ಅಳತೆ ಕರಾರುವಾಕ್ಕಾಗಿತ್ತು. (ಅದು ಬಿತ್ತನೆ ಬೀಜದ ಅಳತೆ, ಉಣ್ಣುವ ಕಾಳಿನದಲ್ಲ ಎಂಬ ಸಾಲು, ನಾನು ಅಳತೆ ನೋಡಿಕೊಂಡ ಮಾಹಿತಿ ಹಾಳೆಯ ಹಿಂಬದಿಗಿತ್ತು.)

ಮಧ್ಯಾಹ್ನ ಪಂಕ್ತಿ ಕೂತಿತು. ಅಪ್ಪನ ಗೆಳೆಯ ಕಾಟಲಿಂಗಪ್ಪ ರೊಟ್ಟಿ ಮುರಿದು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು.

"ಏನಪ್ಪ ಮೇಷ್ಟ್ರೇ, ಇದು ತಿನ್ನಾದೋ, ಎದಿಗೆ ಹಚ್ಕಳಾದೋ?"

"ಮೂಗಿಗೆ ಹಿಡಿ ಮಾವ, ನೆಗಡಿ ಬಿಡ್ತೈತೆ," ಎಂದರು ಪಕ್ಕದವರು.

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಮ್ಮ ಒಂದು ಚೂರು ಮುರಿದು ಬಾಯಿಗಿಟ್ಟರು. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ತಿನ್ನುತ್ತಿದ್ದುದು ಅಪ್ಪ ಒಬ್ಬರೇ. ಉಳಿದವರೆಲ್ಲ ರಾಗಿ ಮುದ್ದೆಯವರು.

"ಲೇ ಬಸವೇಶ," ಎಂದರು ಅಮ್ಮ ಮೆಲ್ಲಗೆ, "ಅವ್ರು ಹೇಳ್ತಿದ್ದುದು ಇದನ್ನೇ ಅಲ್ವೇನೋ?"

ಇದನ್ನೇ. ಮೊದಲ ಚೀಲ ಬಿಚ್ಚಿದ ಮೇಲೆ, ಆಗಲೇ ಜ್ವರದಿಂದ ಹಾಸಿಗೆ ಹಿಡಿದಿದ್ದ ಅಪ್ಪ ತಟ್ಟೆ ಸರಿಸುತ್ತಿದ್ದರು: "ರೊಟ್ಟಿ ಔಷಧಿ ನಾತ ಹೊಡಿತೈತೆ ಕಣಪ್ಪ." ಜ್ವರದಲ್ಲಿ ನಾಲಿಗೆಯ ರುಚಿ ಕೆಡುವುದು ಸಹಜ ಎಂದು ವಿವರಿಸಿದೆ. ಹಿಟ್ಟು ನಾದುವಾಗಲೂ ವಾಸನೆ ಬರುತ್ತದೆ ಎಂದ ದಾಕ್ಷಾಯಿಣಿಗೆ, ಅದು ಅಪ್ಪನ ಎದೆಗೆ ಹಚ್ಚುವ ಮುಲಾಮಿನದು ಎಂದೆ. ಕೊನೆಗೆ ರೊಟ್ಟಿಯನ್ನೇ ನಿಲ್ಲಿಸಿ, ಅವರು ಹೋಗುವವರೆಗೂ ಹತ್ತೊಂಬತ್ತು ದಿನ ಗಂಜಿ ಕುಡಿಸಿದೆ. ಮನೆಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿ ಸರಿಯಾದ ಫಲಿತಾಂಶ ಹೇಳಿದವರು ರೋಗಿ ಒಬ್ಬರೇ.

ಜನ ಹೋದ ಮೇಲೆ ದಾಕ್ಷಾಯಿಣಿ ಮಜ್ಜಿಗೆ ತಂದು ಪಕ್ಕದಲ್ಲಿ ಕೂತಳು.

"ಕುಡೀರಿ. ಮಾವ್ನೋರಿಗೆ ನಿಮ್ ಮೇಲೆ ಸಿಟ್ಟಿರ್ಲಿಲ್ಲ. 'ವಾಸ್ನೆ ಹೋದ್ಮೇಲೆ ರೊಟ್ಟಿ ಮಾಡ್ಕೊಡಮ್ಮ, ನನ್ ಮಗ ಲೆಕ್ಕ ಹಾಕಿ ಹೇಳವ್ನೆ' ಅಂತಿದ್ರು."

ಹೇಳಿದ್ದೆ. ಚೀಲ ಹೊಲಿದ ದಿನ, ಈ ವಾಸನೆ ಎಷ್ಟು ಹೊತ್ತು ಇರುತ್ತದೆ ಎಂದು ಅಪ್ಪ ಮಂಚದಿಂದಲೇ ಕೇಳಿದ್ದರು. ಸಿರಿಂಜು ಒರೆಸುತ್ತಾ ನಾನು, ಪಕ್ಕದ ಮನೆಗೂ ಕೇಳುವಂತೆ, ಉತ್ತರಿಸಿದ್ದೆ:

"ಎಪ್ಪತ್ತೆರಡು ಗಂಟೆ."